ಸೈಕಲ್ಲಿಗೆ ಎಷ್ಟು ಜಾಗ ಬಿಡಬೇಕು?

ಪ್ರಶ್ನೆ: ನಾವು ಮೈಸೂರಿನವರು. ಮಗಳು ಒಂಬತ್ತನೇ ಕ್ಲಾಸು. ಈ ವರ್ಷದಿಂದ ಸೈಕಲ್ಲಿನಲ್ಲೇ ಸ್ಕೂಲಿಗೆ ಹೋಗುತ್ತಿದ್ದಾಳೆ, ಸುಮಾರು ಮೂರು ಕಿಲೋಮೀಟರ್. ಕಾರು, ಬಸ್ಸುಗಳು ಅವಳ ಪಕ್ಕದಲ್ಲೇ ಸವರಿಕೊಂಡು ಹೋಗುತ್ತವೆ. ಹಿಂದಿನಿಂದ ಹಾರ್ನ್ ಹೊಡೆದು ಹೆದರಿಸುತ್ತಾರೆ. ಆದಷ್ಟು ಅಂಚಿನಲ್ಲೇ ಹೋಗು ಅಂತ ನಾನು ಹೇಳಿದ್ದೇನೆ. ಎದುರಿನ ಗಾಡಿ ಕಾಣುವ ಹಾಗೆ ಬಲಗಡೆ ಹೋಗಲಿ ಅಂತ ನನ್ನ ಅಣ್ಣ ಹೇಳುತ್ತಾನೆ. ನಾನೂ ದಿನಾ ಕಾರು ಓಡಿಸುವವನೇ. ಸೈಕಲ್‌ನವರು ದಿಢೀರಂತ ಅಡ್ಡ ಬರುವುದು, ಸಿಗ್ನಲ್ ದಾಟಿ ನುಗ್ಗುವುದು, ರಾಂಗ್ ಸೈಡಿನಲ್ಲಿ ಬರುವುದು ನೋಡಿದರೆ ಸಿಟ್ಟು ಬರುತ್ತದೆ. ಯಾರು ಯಾರಿಗೆ ದಾರಿ ಬಿಡಬೇಕು? ಸೈಕಲ್ ಬಿಡಿಸಿ ಅವಳನ್ನು ವ್ಯಾನಿಗೆ ಹಾಕಿಬಿಡಲೇ?

ಉತ್ತರ: ಸೈಕಲ್ ಬಿಡಿಸಬೇಡಿ. ಮೂರು ಕಿಲೋಮೀಟರ್ ಸೈಕಲ್ಲಿಗೆ ಹೇಳಿ ಮಾಡಿಸಿದ ದೂರ. ಅದೂ ಮೈಸೂರಿನಂಥ ಊರಿನಲ್ಲಿ. ಎಷ್ಟೋ ಮನೆಗಳಲ್ಲಿ ಈ ವಯಸ್ಸಿನ ಮಕ್ಕಳ ಕೈಗೆ ಸ್ಕೂಟರ್ ಕೀ ಕೊಟ್ಟು ಕಳಿಸುತ್ತಾರೆ. ಅದು ಅಪರಾಧ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಶಿಕ್ಷೆಯೂ ಇದೆ. ನಿಮ್ಮ ಮಗಳು ಸರಿಯಾದ ಗಾಡಿಯನ್ನೇ ಆರಿಸಿಕೊಂಡಿದ್ದಾಳೆ. ಅವಳು ಓಡಿಸುವ ಜಾಗವನ್ನು ಮಾತ್ರ ಬದಲಿಸಬೇಕು.

ಮೊದಲು ನಿಮ್ಮ ಅಣ್ಣನ ಸಲಹೆ. ಎದುರು ಬರುವ ಗಾಡಿ ನೋಡಿಕೊಂಡು ಬಲಗಡೆ ಹೋಗುವುದು ನಡೆದು ಹೋಗುವವರಿಗೆ ಸರಿ, ಅದೂ ಫುಟ್‌ಪಾತ್ ಇಲ್ಲದ ಕಡೆ. ಸೈಕಲ್ಲಿಗೆ ಅದು ಅಪಾಯ. ಲೆಕ್ಕ ಹಾಕಿ ನೋಡಿ. ಮಗಳು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾಳೆ, ಕಾರು 40ರಲ್ಲಿ ಬರುತ್ತದೆ ಅಂದುಕೊಳ್ಳಿ. ಇಬ್ಬರೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಕಾರು ಅವಳನ್ನು ಸಮೀಪಿಸುವ ವೇಗ 25. ಎದುರಾಬದುರಾ ಬಂದರೆ 55. ಚಾಲಕನಿಗೆ ನೋಡಿ, ಯೋಚಿಸಿ, ಬ್ರೇಕ್ ಹಾಕಲು ಸಿಗುವ ಸಮಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಇನ್ನೊಂದು ತೊಂದರೆ ಅಡ್ಡರಸ್ತೆಗಳದು. ಅಡ್ಡರಸ್ತೆಯಿಂದ ಎಡಕ್ಕೆ ತಿರುಗಿ ಬರುವವನು ತನ್ನ ಬಲಗಡೆ ಮಾತ್ರ ನೋಡುತ್ತಾನೆ, ಗಾಡಿಗಳು ಬರುವುದು ಆ ಕಡೆಯಿಂದ ತಾನೇ. ಎಡಗಡೆಯಿಂದ ಒಂದು ಸೈಕಲ್ ಬರುತ್ತದೆ ಅಂತ ಅವನು ಕನಸಲ್ಲೂ ಎಣಿಸಿರುವುದಿಲ್ಲ. ಹಾಗಾಗಿ ಅಣ್ಣನಿಗೆ ಹೇಳಿ, ಅವಳು ಎಡಗಡೆಯೇ ಹೋಗಬೇಕು.

ಎಡಗಡೆ ಅಂದರೆ ಅಂಚು ಅಂತ ಅಲ್ಲ. ನಿಮ್ಮ ಮಾತನ್ನು ಒಪ್ಪದೆ ಇರುವುದು ಇಲ್ಲೇ. ಒಂದು ಬೆಳಿಗ್ಗೆ ಮನೆಯಿಂದ ಸ್ಕೂಲಿನವರೆಗೂ ನಡೆದುಹೋಗಿ, ರಸ್ತೆಯ ಎಡ ಅಂಚಿನ ಎರಡು ಅಡಿಯನ್ನಷ್ಟೇ ನೋಡಿ. ಡಾಂಬರು ಮುಗಿದು ಮಣ್ಣಿಗೆ ಇಳಿಯುವ ಮೆಟ್ಟಿಲಿನಂಥ ಅಂಚು. ಮಳೆನೀರು ತಂದು ಗುಡ್ಡೆ ಹಾಕಿದ ಸಣ್ಣ ಜಲ್ಲಿ, ಮರಳು. ಅಲ್ಲಾಡುವ ಮೋರಿ ಚಪ್ಪಡಿ. ಚಕ್ರ ಸಿಕ್ಕಿಕೊಳ್ಳುವ ಹಾಗೆ ಉದ್ದಕ್ಕೆ ಕೂರಿಸಿದ ಕಬ್ಬಿಣದ ಜಾಲರಿ. ಒಡೆದ ಗಾಜು. ನಿಂತ ಕಾರುಗಳು, ಎಳನೀರಿನ ಗಾಡಿ, ಪಕ್ಕಕ್ಕೆ ಎಳೆದಿಟ್ಟ ಬ್ಯಾರಿಕೇಡ್. ಇವನ್ನೆಲ್ಲ ತಪ್ಪಿಸಲು ಸೈಕಲ್‌ನವರು ಹತ್ತಿಪ್ಪತ್ತು ಮೀಟರಿಗೊಮ್ಮೆ ಬಲಕ್ಕೆ ಸರಿಯಲೇಬೇಕು. ಹಿಂದೆ ಕಾರಿನಲ್ಲಿರುವ ನಿಮಗೆ ಗುಂಡಿ ಕಾಣುವುದಿಲ್ಲ, ಸೈಕಲ್ ಬಲಕ್ಕೆ ಬಂದದ್ದು ಮಾತ್ರ ಕಾಣುತ್ತದೆ. ದಿಢೀರಂತ ಅಡ್ಡ ಬರುತ್ತಾರೆ ಅಂತ ನೀವು ಬರೆದಿದ್ದೀರಲ್ಲ, ಅದರಲ್ಲಿ ದೊಡ್ಡ ಪಾಲು ಇದೇ.

ಅದಕ್ಕೇ ಸೈಕಲ್‌ನವರಿಗೆ ನಾನು ಮೊದಲು ಹೇಳುವುದು, ಅಂಚಿನಿಂದ ಮೂರು ಅಡಿ ಒಳಗೆ ಬನ್ನಿ. ಅಲ್ಲಿ ನೇರವಾಗಿ, ಒಂದೇ ಗೆರೆಯಲ್ಲಿ ಹೋಗಿ. ಮೂರು ಲಾಭ ಇದೆ. ಗುಂಡಿ ಜಲ್ಲಿ ಸಿಗುವುದಿಲ್ಲ. ಹಿಂದಿನವರಿಗೆ ನೀವು ದೂರದಿಂದಲೇ ಕಾಣುತ್ತೀರಿ. ಬಸ್ಸೋ ಲಾರಿಯೋ ತೀರಾ ಹತ್ತಿರ ಬಂದರೆ ಎಡಕ್ಕೆ ಸರಿಯಲು ಜಾಗ ಉಳಿದಿರುತ್ತದೆ. ಅಂಚಿನಲ್ಲೇ ಹೋಗುವವರಿಗೆ ತಪ್ಪಿಸಿಕೊಳ್ಳಲು ಮೋರಿ ಬಿಟ್ಟರೆ ಬೇರೆ ದಾರಿಯೇ ಇರುವುದಿಲ್ಲ. ನಿಂತ ಕಾರುಗಳ ಸಾಲು ಇದ್ದರೆ ಅದರಿಂದಲೂ ಮೂರು ನಾಲ್ಕು ಅಡಿ ಆಚೆಗಿರಬೇಕು. ಕಾರಿನ ಬಾಗಿಲು ತೆರೆದರೆ ಅಷ್ಟು ದೂರ ಚಾಚಿಕೊಳ್ಳುತ್ತದೆ.

ಈಗ ಕಾರಿನೊಳಗೆ ಕೂತು ಇದೇ ಲೆಕ್ಕ ಹಾಕೋಣ. ಡಿವೈಡರ್ ಇಲ್ಲದ ಮಾಮೂಲಿ ರಸ್ತೆಯಲ್ಲಿ ನಿಮ್ಮ ಪಾಲಿನ ಅರ್ಧ ಸುಮಾರು ಹನ್ನೊಂದೂವರೆ ಅಡಿ ಅಂದುಕೊಳ್ಳಿ. ಸೈಕಲ್ ಚಕ್ರ ಅಂಚಿನಿಂದ ಮೂರು ಅಡಿ ಒಳಗಿದೆ. ಹ್ಯಾಂಡಲ್ ಎರಡು ಅಡಿ ಅಗಲ, ಅದರ ಬಲ ತುದಿ ನಾಲ್ಕನೇ ಅಡಿಗೆ ಬರುತ್ತದೆ. ಅಲ್ಲಿಂದ ನೀವು ಐದು ಅಡಿ ಬಿಡಬೇಕು. ಆಗ ಕಾರಿನ ಎಡಬದಿ ಒಂಬತ್ತನೇ ಅಡಿಯಲ್ಲಿ, ಬಲಬದಿ ಹದಿನೈದನೇ ಅಡಿಯಲ್ಲಿ ಇರುತ್ತದೆ. ಅಂದರೆ ಎದುರಿನವರ ಪಾಲಿನೊಳಗೆ ಮೂರೂವರೆ ಅಡಿ ಹೋಗದೆ ಸೈಕಲ್ಲನ್ನು ಸುರಕ್ಷಿತವಾಗಿ ಓವರ್‌ಟೇಕ್ ಮಾಡಲು ಆಗುವುದಿಲ್ಲ. ಎದುರಿನಿಂದ ಗಾಡಿ ಬರುತ್ತಿದ್ದರೆ ಕಾಯಬೇಕು. ಇಬ್ಬರ ಮಧ್ಯೆ ಸಂದು ಹುಡುಕಿ ತೂರಿಸಿಕೊಂಡು ಹೋಗುವಾಗಲೇ ಮಕ್ಕಳಿಗೆ ಕನ್ನಡಿ ತಗಲುವುದು, ಕೈಗೆ ಪೆಟ್ಟಾಗುವುದು, ಗಾಬರಿಯಲ್ಲಿ ಹ್ಯಾಂಡಲ್ ತಿರುಗುವುದು.

ಈ ಐದು ಅಡಿ ಎಲ್ಲಿಂದ ಬಂತು? ಸ್ಪೇನ್‌ನಲ್ಲಿ ಸೈಕಲ್ಲಿಗೆ ಕನಿಷ್ಠ ಒಂದೂವರೆ ಮೀಟರ್ ಬಿಟ್ಟೇ ಮುಂದೆ ಹೋಗಬೇಕು. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್. ಬ್ರಿಟನ್ನಿನ ರಸ್ತೆ ನಿಯಮ ಪುಸ್ತಕಕ್ಕೂ 2022ರಲ್ಲಿ ಒಂದೂವರೆ ಮೀಟರಿನ ಮಾತು ಸೇರಿತು. ಫ್ರಾನ್ಸ್‌ನಲ್ಲಿ ಊರೊಳಗೆ ಒಂದು ಮೀಟರ್, ಹೊರಗೆ ಒಂದೂವರೆ. ನಮ್ಮ 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಪಾದಚಾರಿ, ಸೈಕಲ್ ಸವಾರ, ಮಕ್ಕಳು, ಹಿರಿಯರು, ಅಂಗವಿಕಲರ ಬಗ್ಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕು ಅಂತಿದೆ. ಆದರೆ ಇಷ್ಟೇ ಅಡಿ ಅನ್ನುವ ಅಳತೆ ಇಲ್ಲ. ಇರಬೇಕಿತ್ತು. ಅಳತೆ ಹೇಳದೆ ಹೋದರೆ ಎಚ್ಚರ ಅನ್ನುವುದು ಅವರವರ ಧೈರ್ಯಕ್ಕೆ ಬಿಟ್ಟ ವಿಷಯವಾಗುತ್ತದೆ. ಕಾನೂನು ಬರುವವರೆಗೂ ನೀವೇ ಐದು ಅಡಿಯನ್ನು ರೂಢಿ ಮಾಡಿಕೊಳ್ಳಿ. ಅಡ್ಡಕ್ಕೆ ಬಿದ್ದ ಒಬ್ಬ ಮನುಷ್ಯನ ಎತ್ತರ ಅಷ್ಟಿರುತ್ತದೆ. ಸೈಕಲ್‌ನವರು ಗುಂಡಿಗೆ ಸಿಕ್ಕಿ ಬಲಕ್ಕೆ ಬಿದ್ದರೂ ನಿಮ್ಮ ಚಕ್ರದಡಿ ಬರಬಾರದು, ಅದಕ್ಕೆ.

ಕಾದರೆ ಎಷ್ಟು ಹೊತ್ತು ಹೋಗುತ್ತದೆ? ಸೈಕಲ್ ಹಿಂದೆ ನೂರು ಮೀಟರ್ 15ರ ವೇಗದಲ್ಲಿ ಹೋದರೆ 24 ಸೆಕೆಂಡ್. ಅದೇ ದೂರಕ್ಕೆ 40ರಲ್ಲಿ 9 ಸೆಕೆಂಡ್. ನಿಮಗೆ ನಷ್ಟವಾದದ್ದು 15 ಸೆಕೆಂಡ್. ಊರೊಳಗೆ ಆ 15 ಸೆಕೆಂಡನ್ನು ಉಳಿಸಿಕೊಂಡರೂ ಮುಂದಿನ ಸಿಗ್ನಲ್ಲಿನಲ್ಲಿ ನಿಂತು ಕಳೆಯುತ್ತೀರಿ, ಅಲ್ವಾ?

ಹಾರ್ನ್ ವಿಷಯಕ್ಕೆ ಬರುತ್ತೇನೆ. ನಾನು ಬರುತ್ತಿದ್ದೇನೆ ಅಂತ ತಿಳಿಸಲು ಹಾರ್ನ್ ಹೊಡೆಯುತ್ತೇವೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಸೈಕಲ್ ಮೇಲಿರುವ ಮಗುವಿಗೆ ಏನಾಗುತ್ತದೆ ನೋಡಿ. ಬೆನ್ನ ಹಿಂದೆ ಹತ್ತಡಿ ದೂರದಲ್ಲಿ ಜೋರಾಗಿ ಸದ್ದಾಗುತ್ತದೆ. ಮಗು ಬೆಚ್ಚಿ ಬಲಕ್ಕೆ ತಿರುಗಿ ನೋಡುತ್ತದೆ. ತಲೆ ತಿರುಗಿದ ಕಡೆಗೆ ಭುಜ ತಿರುಗುತ್ತದೆ, ಭುಜದ ಜೊತೆ ಹ್ಯಾಂಡಲ್ಲೂ ತಿರುಗುತ್ತದೆ. ಅಂದರೆ ನಿಮ್ಮ ಹಾರ್ನೇ ಸೈಕಲ್ಲನ್ನು ನಿಮ್ಮ ಕಾರಿನ ದಾರಿಗೆ ಎಳೆದು ತರುತ್ತದೆ. ತಿಳಿಸಲೇಬೇಕಾದರೆ ಮೂವತ್ತು ನಲವತ್ತು ಮೀಟರ್ ಹಿಂದಿನಿಂದ ಚಿಕ್ಕದಾಗಿ ಒಂದು ಸಲ ಹೊಡೆಯಿರಿ. ಹತ್ತಿರ ಬಂದಮೇಲೆ ಬೇಡವೇ ಬೇಡ. ವೇಗ ಕಡಿಮೆ ಮಾಡಿ, ಜಾಗ ಬಿಟ್ಟು ದಾಟಿ.

ಸೈಕಲ್‌ನವರನ್ನು ದಾಟಿದ ಕೂಡಲೇ ಎಡಕ್ಕೆ ತಿರುಗುವುದು ಇನ್ನೊಂದು ಕೆಟ್ಟ ಚಾಳಿ. ಮನೆ ಗೇಟು, ಪೆಟ್ರೋಲ್ ಬಂಕು, ಅಡ್ಡರಸ್ತೆ, ಯಾವುದಾದರೂ ಇರಲಿ. ಮಗಳು ನೇರ ಹೋಗುತ್ತಿರುತ್ತಾಳೆ. ಕಾರು ಅವಳನ್ನು ಹಿಂದಿಕ್ಕಿ, ಇಂಡಿಕೇಟರ್ ಹಾಕಿ ಎಡಕ್ಕೆ ಕಟ್ ಹೊಡೆಯುತ್ತದೆ. ಚಾಲಕನ ಲೆಕ್ಕದಲ್ಲಿ ಅವಳನ್ನು ದಾಟಿ ಆಯಿತು. ಅವಳು ನಿಂತಿಲ್ಲ, ಸೆಕೆಂಡಿಗೆ ನಾಲ್ಕು ಮೀಟರ್ ಮುಂದೆ ಬರುತ್ತಲೇ ಇದ್ದಾಳೆ. ಕಾರಿನ ಎಡಬಾಗಿಲಿಗೆ ಹೋಗಿ ಬಡಿಯುತ್ತಾಳೆ. ಮುಂದೆ ಎಡಕ್ಕೆ ತಿರುಗುವುದಿದ್ದರೆ ಸೈಕಲ್ ಹಿಂದೆಯೇ ಇರಿ. ಅದು ತಿರುವು ದಾಟಲಿ, ಆಮೇಲೆ ತಿರುಗಿ.

ಮೈಸೂರಿನಲ್ಲಿ ಸರ್ಕಲ್‌ಗಳು ಜಾಸ್ತಿ. ಇದೇ ತೊಂದರೆ ಅಲ್ಲಿ ದೊಡ್ಡದಾಗುತ್ತದೆ. ಸಿಗ್ನಲ್ ಇಲ್ಲದ ಸರ್ಕಲ್ಲಿನಲ್ಲಿ ಒಳಗೆ ಸುತ್ತುತ್ತಿರುವವರಿಗೆ, ಅಂದರೆ ನಿಮ್ಮ ಬಲಗಡೆಯಿಂದ ಬರುವವರಿಗೆ, ಮೊದಲು ದಾರಿ ಬಿಡಬೇಕು. ಬರುತ್ತಿರುವುದು ಬಸ್ಸಾದರೆ ಎಲ್ಲರೂ ಬಿಡುತ್ತಾರೆ. ಸೈಕಲ್ಲಾದರೆ ಯಾರೂ ಬಿಡುವುದಿಲ್ಲ. ನಿಯಮ ಇಬ್ಬರಿಗೂ ಒಂದೇ. ಮಗಳಿಗೆ ಮಾತ್ರ ನಾನು ಹೇಳುವುದು ಬೇರೆ. ದೊಡ್ಡ ಸರ್ಕಲ್ ಬಂದರೆ, ಬಲಕ್ಕೆ ಹೋಗಬೇಕಿದ್ದರೆ, ಇಳಿದುಬಿಡಲಿ. ಸೈಕಲ್ ತಳ್ಳಿಕೊಂಡು ಜೀಬ್ರಾ ಕ್ರಾಸಿಂಗಿನಲ್ಲಿ ಒಂದೊಂದೇ ರಸ್ತೆ ದಾಟಲಿ. ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೆ. ಚೆನ್ನಾಗಿ ಓಡಿಸುವ ದೊಡ್ಡವರೂ ಬೆಳಗಿನ ದಟ್ಟಣೆಯಲ್ಲಿ ಹೀಗೇ ಮಾಡುತ್ತಾರೆ.

ಬಸ್ಸು, ಲಾರಿ ಬಗ್ಗೆ ಅವಳಿಗೆ ಒಂದು ವಿಷಯ ಮನದಟ್ಟು ಮಾಡಿಸಿ. ಡ್ರೈವರ್ ಬಲಗಡೆ, ಎತ್ತರದಲ್ಲಿ ಕೂತಿರುತ್ತಾನೆ. ಅವನಿಗೆ ಗಾಡಿಯ ಎಡಪಕ್ಕದ ಕೆಳಭಾಗ ಸರಿಯಾಗಿ ಕಾಣುವುದೇ ಇಲ್ಲ. ಅವನ ಕನ್ನಡಿಯಲ್ಲಿ ಅವಳಿಗೆ ಅವನ ಮುಖ ಕಾಣದಿದ್ದರೆ ಅವನಿಗೂ ಅವಳು ಕಾಣುತ್ತಿಲ್ಲ. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಎಡಗಡೆ ಸಂದಿನಲ್ಲಿ ನುಗ್ಗಿ ಮುಂದೆ ಹೋಗುವುದು ಬೇಡ. ಸ್ಟಾಪಿನಲ್ಲಿ ನಿಂತ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಹೋಗುವುದು ಬೇಡ, ಜನ ಇಳಿಯುತ್ತಿರುತ್ತಾರೆ. ಹಿಂದೆ ನಿಂತು ಕಾಯಲಿ. ಇದೊಂದರಲ್ಲಿ ರಾಜಿ ಬೇಡ.

ನೀವು ಕಾರಿನಿಂದ ಇಳಿಯುವಾಗ ಒಂದು ಚಿಕ್ಕ ಅಭ್ಯಾಸ ಮಾಡಿಕೊಳ್ಳಿ. ಬಲಬಾಗಿಲನ್ನು ಬಲಗೈಯಲ್ಲಿ ತೆರೆಯಬೇಡಿ, ಎಡಗೈ ಚಾಚಿ ತೆರೆಯಿರಿ. ಮೈ ತಾನಾಗಿ ಬಲಕ್ಕೆ ತಿರುಗುತ್ತದೆ, ಕಣ್ಣು ಕನ್ನಡಿಯ ಕಡೆಗೂ ಹಿಂದಿನ ರಸ್ತೆಯ ಕಡೆಗೂ ಹೋಗುತ್ತದೆ. ನೆದರ್‌ಲ್ಯಾಂಡ್ಸ್‌ನವರ ರೂಢಿ ಇದು. ಬ್ರಿಟನ್ನಿನವರು 2022ರಲ್ಲಿ ಇದನ್ನೂ ನಿಯಮ ಪುಸ್ತಕಕ್ಕೆ ಸೇರಿಸಿಕೊಂಡರು. ಎಡಗಡೆ ಕೂತವರು ಬಲಗೈಯಲ್ಲಿ ತೆರೆಯಲಿ. ಮನೆಯವರಿಗೆಲ್ಲ ಹೇಳಿಕೊಡಿ, ಹಿಂದಿನ ಸೀಟಿನ ಮಕ್ಕಳಿಗಂತೂ ಖಂಡಿತ.

ವೇಗದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಅಂಕಿಗಳೇ ಸಾಕು. ಒಣಗಿದ ರಸ್ತೆ, ಒಳ್ಳೆಯ ಬ್ರೇಕು, ಚಾಲಕ ಒಂದು ಸೆಕೆಂಡಿನಲ್ಲಿ ಎಚ್ಚೆತ್ತುಕೊಂಡ ಅಂತಿಟ್ಟುಕೊಂಡರೂ 30ರಲ್ಲಿ ಹೋಗುವ ಕಾರು ನಿಲ್ಲಲು ಸುಮಾರು 13 ಮೀಟರ್ ಬೇಕು. 60ರಲ್ಲಿ ಸುಮಾರು 36 ಮೀಟರ್. ಹೊಡೆತದ ಶಕ್ತಿ ನಾಲ್ಕು ಪಟ್ಟು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸರ್ಕಾರದ ಲೆಕ್ಕದ ಪ್ರಕಾರವೇ ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವು ಅತಿವೇಗದಿಂದ. ಸ್ಕೂಲು ಇರುವ ರಸ್ತೆಯಲ್ಲಿ 30 ದಾಟಬೇಡಿ. ಜನ, ಸೈಕಲ್, ಗಾಡಿ ಎಲ್ಲ ಬೆರೆತು ಓಡಾಡುವ ಕಡೆ 30 ಸಾಕು ಅಂತ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದಲ್ಲಿ ಬಂದ 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ.

ಇನ್ನು ನಿಮ್ಮ ಸಿಟ್ಟು. ಅದರಲ್ಲಿ ನ್ಯಾಯ ಇದೆ. ಸಿಗ್ನಲ್ ಸೈಕಲ್ಲಿಗೂ ಅನ್ವಯಿಸುತ್ತದೆ. ಕೆಂಪು ದೀಪದಲ್ಲಿ ನುಗ್ಗುವುದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋಗುವುದು, ಕೈ ತೋರಿಸದೆ ಬಲಕ್ಕೆ ತಿರುಗುವುದು, ಹರಟೆ ಹೊಡೆಯುತ್ತಾ ಮೂವರು ಅಕ್ಕಪಕ್ಕದಲ್ಲಿ ಹೋಗುವುದು, ಇವೆಲ್ಲ ತಪ್ಪೇ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ ಅಂದಮಾತ್ರಕ್ಕೆ ನಿಯಮವೂ ಬೇಡ ಅಂತ ಅಲ್ಲ. ರಾಂಗ್ ಸೈಡ್ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಿ. ಎಷ್ಟೋ ರಸ್ತೆಗಳಲ್ಲಿ ಉದ್ದಕ್ಕೂ ಡಿವೈಡರ್ ಹಾಕಿ, ಯು ಟರ್ನ್ ಒಂದು ಕಿಲೋಮೀಟರ್ ಆಚೆ ಇಟ್ಟಿರುತ್ತಾರೆ. ಕಾರಿಗೆ ಹೋಗಿ ಬರಲು ಮೂರು ನಿಮಿಷ. ಕ್ಯಾರಿಯರ್ ಮೇಲೆ ಭಾರ ಕಟ್ಟಿಕೊಂಡು ಪೆಡಲ್ ತುಳಿಯುವವನಿಗೆ ಎಂಟು ನಿಮಿಷದ ಬೆವರು. ಹಾಗಂತ ಅವನು ಎದುರು ಬರುವುದು ಸರಿ ಅನ್ನುತ್ತಿಲ್ಲ, ಇಳಿದು ತಳ್ಳಿಕೊಂಡು ಹೋಗಬೇಕು. ಆದರೆ ಆ ರಸ್ತೆ ಮಾಡಿದವರು ಅವನನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ನನಗೆ ಹೆಚ್ಚು ಸಂಕಟವಾಗುವುದು ಇವರನ್ನು ನೆನೆದಾಗಲೇ. ಸೈಕಲ್ ಅಂದರೆ ನಮಗೆ ಈಗ ಭಾನುವಾರ ಚಾಮುಂಡಿ ಬೆಟ್ಟ ಹತ್ತುವವರು, ನಂದಿ ಬೆಟ್ಟಕ್ಕೆ ಹೋಗುವವರು ನೆನಪಾಗುತ್ತಾರೆ. ಅವರ ಹತ್ತಿರ ಹೆಲ್ಮೆಟ್ ಇದೆ, ಮಿಣುಕುವ ಹಿಂದೀಪ ಇದೆ. ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿ ಗಾರ್ಡ್, ಬೆಳಗಿನ ಜಾವ ಪೇಪರ್ ಹಾಕುವ ಹುಡುಗ, ಗಾರೆ ಕೆಲಸಕ್ಕೆ ಹೋಗುವವರು, ಇವರ ಹತ್ತಿರ ಏನೂ ಇಲ್ಲ. ಕಪ್ಪು ಪ್ಯಾಂಟು, ಕಂದು ಸ್ವೆಟರು, ತುಕ್ಕು ಹಿಡಿದ ಮಡ್‌ಗಾರ್ಡು. ಡಿಪ್ ಲೈಟಿನಲ್ಲಿ ಅವರು ಕಣ್ಣಿಗೆ ಬೀಳುವಷ್ಟರಲ್ಲಿ ಕಾರು ತೀರಾ ಹತ್ತಿರ ಬಂದಿರುತ್ತದೆ. ಹಿಂದಿನ ಮಡ್‌ಗಾರ್ಡಿಗೆ ಅಂಗೈ ಅಗಲದ ಕೆಂಪು ರೇಡಿಯಂ ಅಂಟಿಸಿದರೆ, ಪೆಡಲ್‌ಗೆ ಎರಡು ಪಟ್ಟಿ ಹಾಕಿದರೆ, ಬಹಳ ದೂರದಿಂದಲೇ ಹೊಳೆಯುತ್ತದೆ. ಪೆಡಲ್ ಮೇಲಿನದು ಮೇಲೆ ಕೆಳಗೆ ಆಡುವುದರಿಂದ ಅದು ಸೈಕಲ್ಲು ಅಂತ ತಕ್ಷಣ ಗೊತ್ತಾಗುತ್ತದೆ. ಖರ್ಚು ಬಹಳ ಕಡಿಮೆ. ನಿಮ್ಮ ಅಪಾರ್ಟ್‌ಮೆಂಟಿಗೋ ಆಫೀಸಿಗೋ ಸೈಕಲ್ಲಿನಲ್ಲಿ ಬರುವವರು ಇದ್ದರೆ ದಯವಿಟ್ಟು ನೀವೇ ತಂದು ಅಂಟಿಸಿಕೊಡಿ. ಎದುರಿಗೆ ಸೈಕಲ್ ಬಂದಾಗ ಹೈಬೀಮ್ ಇಳಿಸಿ. ಎದುರು ಕಾರಿಗೆ ಇಳಿಸುತ್ತೇವೆ, ಸೈಕಲ್ಲಿಗೆ ಮರೆಯುತ್ತೇವೆ. ಕಣ್ಣು ಕೋರೈಸಿದರೆ ಅವನಿಗೂ ಗುಂಡಿ ಕಾಣುವುದಿಲ್ಲ.

ರಸ್ತೆಯೇ ಸರಿಯಿದ್ದರೆ ಇಷ್ಟೆಲ್ಲ ಹೇಳಬೇಕಾಗಿರಲಿಲ್ಲ ಅನ್ನುವುದೂ ನಿಜ. ಮೈಸೂರಿಗೆ 2017ರಲ್ಲೇ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು. ಸೈಕಲ್ ಬಂದಷ್ಟು ವೇಗವಾಗಿ ಸೈಕಲ್ ದಾರಿ ಬರಲಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಪ್ರತ್ಯೇಕ ಸೈಕಲ್ ಪಥ ಮಾಡಿದರು, ಅದು ಉಳಿಯಲಿಲ್ಲ. ನಡೆಯುವವರಿಗೂ ಸೈಕಲ್‌ನವರಿಗೂ ರಸ್ತೆಯಲ್ಲಿ ಹಕ್ಕು ಕೊಡುವ ಮಸೂದೆಯ ಕರಡನ್ನು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧ ಮಾಡಿತ್ತು. ಅದು ಕಾನೂನಾಗಬೇಕು ಅಂತ ಕೇಳುತ್ತಲೇ ಇರಬೇಕು. ಸೈಕಲ್ ಪಥದಲ್ಲಿ ಗಾಡಿ ಓಡಿಸಬಾರದು ಅಂತ ಈಗಿನ ನಿಯಮದಲ್ಲೇ ಇದೆ. ಬರೀ ಬಣ್ಣ ಬಳಿದ ಪಥದಲ್ಲಿ ಕಾರು ನಿಲ್ಲುತ್ತದೆ, ನಡುವೆ ಗಟ್ಟಿ ತಡೆ ಇಟ್ಟರೆ ಮಾತ್ರ ನಿಲ್ಲುವುದಿಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ ಯಾವುದಕ್ಕೂ ಅವಕಾಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮಗಳು ಗೆಳತಿಯರ ಜೊತೆ ದೂರ ಹೋಗುವ ಉತ್ಸಾಹ ತೋರಿಸಿದರೆ ಇದು ಗೊತ್ತಿರಲಿ.

ಅವಘಡ ಆಗದಿರಲಿ. ಆದರೆ ತಿಳಿದಿರಬೇಕಾದ್ದು ಸ್ವಲ್ಪ ಇದೆ. ಗಾಯವಾದವರನ್ನು ಆಸ್ಪತ್ರೆಗೆ ಸೇರಿಸುವುದು ಡಿಕ್ಕಿ ಹೊಡೆದ ಚಾಲಕನ ಕಾನೂನುಬದ್ಧ ಕರ್ತವ್ಯ. ನೆರವಿಗೆ ಬಂದ ದಾರಿಹೋಕರಿಗೆ ಕಾನೂನಿನ ರಕ್ಷಣೆ ಇದೆ, ಯಾರೂ ಹೆದರಿ ದೂರ ನಿಲ್ಲಬೇಕಿಲ್ಲ. ಸೈಕಲ್ಲಿಗೆ ವಿಮೆ ಇಲ್ಲದಿದ್ದರೂ ಪರಿಹಾರ ಸಿಗುತ್ತದೆ, ಯಾಕೆಂದರೆ ಎಲ್ಲ ಮೋಟಾರು ಗಾಡಿಗೂ ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆ ಇಂಥವರಿಗಾಗಿಯೇ ಇರುವುದು. ಗಾಡಿ ನಿಲ್ಲಿಸದೆ ಓಡಿಹೋಗಿ, ಅದು ಯಾವುದು ಅಂತ ಪತ್ತೆಯಾಗದಿದ್ದರೂ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರದ ಯೋಜನೆ ಇದೆ. ಪೊಲೀಸ್ ದೂರು ಮಾತ್ರ ತಡ ಮಾಡದೆ ಕೊಡಬೇಕು.

ಈಗ ಮಗಳ ಸೈಕಲ್ ಕಡೆ ಒಂದು ಸಲ ನೋಡಿ. ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲ್ಲಿಗೆ ತಾಗಬಾರದು, ತಾಗಿದರೆ ಕೇಬಲ್ ಬಿಗಿ ಮಾಡಿಸಿ. ಬ್ರೇಕ್ ರಬ್ಬರ್ ಸವೆದಿದ್ದರೆ ಇವತ್ತೇ ಬದಲಿಸಿ. ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಯುವುದು ರೂಢಿಯಾಗಲಿ. ಮಳೆಯಲ್ಲಿ ರಿಮ್ ಒದ್ದೆಯಾದರೆ ಮೊದಲ ಒಂದೆರಡು ಸುತ್ತು ಬ್ರೇಕ್ ನೀರು ಒರೆಸುವುದರಲ್ಲೇ ಕಳೆಯುತ್ತದೆ, ಹಾಗಾಗಿ ಬೇಗನೇ ಹಿಡಿಯಬೇಕು. ಸ್ಕೂಲ್ ಬ್ಯಾಗ್ ಹ್ಯಾಂಡಲ್ಲಿಗೆ ನೇತುಹಾಕಬಾರದು, ಕ್ಯಾರಿಯರಿಗೆ ಕಟ್ಟಲಿ. ವೇಲು, ದುಪಟ್ಟಾ ಚಕ್ರಕ್ಕೆ ಸಿಗದ ಹಾಗಿರಲಿ. ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯ ಇಲ್ಲ, ಆದರೂ ಹಾಕಿಸಿ. ಬಿದ್ದಾಗ ತಲೆ ಉಳಿಸುತ್ತದೆ.

2006-07ರಿಂದ ನಮ್ಮ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತಲ್ಲ, ಅಂಥ ಪ್ರತಿ ಸೈಕಲ್ ಜೊತೆ ಎರಡು ದಿನದ ರಸ್ತೆ ಪಾಠವೂ ಇರಬೇಕು ಅನ್ನುವುದು ನನ್ನ ಬಹುದಿನದ ಆಸೆ. ನಿಮ್ಮ ಮನೆಯಲ್ಲಿ ಆ ಪಾಠ ನೀವೇ ಮಾಡಿ. ಭಾನುವಾರ ಬೆಳಿಗ್ಗೆ ಇನ್ನೊಂದು ಸೈಕಲ್ ತೆಗೆದುಕೊಂಡು ಅವಳ ಜೊತೆ ಸ್ಕೂಲಿನವರೆಗೂ ಹೋಗಿ. ಅವಳು ಮುಂದಿರಲಿ. ನೀವು ಒಂದು ಸೈಕಲ್ ಉದ್ದ ಹಿಂದೆ, ಅವಳಿಗಿಂತ ಸ್ವಲ್ಪ ಬಲಕ್ಕಿರಿ. ಆಗ ಹಿಂದಿನ ಗಾಡಿಗಳು ನಿಮ್ಮನ್ನು ದಾಟುವಾಗಲೇ ಅವಳಿಗೂ ಜಾಗ ಸಿಗುತ್ತದೆ. ಹ್ಯಾಂಡಲ್ ಅಲುಗಾಡಿಸದೆ ಭುಜದ ಮೇಲಿಂದ ಹಿಂದೆ ನೋಡುವುದು, ಒಂದು ಕೈ ಬಿಟ್ಟು ತಿರುವು ತೋರಿಸುವುದು, ಇವೆರಡನ್ನು ಮೊದಲು ಖಾಲಿ ಮೈದಾನದಲ್ಲಿ ಮಾಡಿಸಿ. ಇವೆರಡೂ ಕೈಗೆ ಬರುವವರೆಗೂ ಮುಖ್ಯರಸ್ತೆ ಬೇಡ. ಮುಖ್ಯರಸ್ತೆ ಬಿಟ್ಟು ಒಳರಸ್ತೆಗಳಲ್ಲೇ ಹೋಗುವ ದಾರಿ ಇದೆಯೇ ಅಂತಲೂ ಅವತ್ತೇ ಹುಡುಕಿ. ಅರ್ಧ ಕಿಲೋಮೀಟರ್ ಜಾಸ್ತಿಯಾದರೂ ಪರವಾಗಿಲ್ಲ.

ಆಮೇಲೆ ಸ್ಕೂಲಿನ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆಯಿರಿ, ಇನ್ನೂ ನಾಲ್ಕು ಪೋಷಕರ ಸಹಿ ಹಾಕಿಸಿ. ಸಂಜೆ ಬೆಲ್ ಹೊಡೆದಾಗ ಸೈಕಲ್ ಮಕ್ಕಳನ್ನು ಐದು ನಿಮಿಷ ಮೊದಲು ಬಿಡಲಿ. ಕಾರು, ವ್ಯಾನುಗಳು ಗೇಟಿನಿಂದ ಐವತ್ತು ಮೀಟರ್ ಆಚೆ ನಿಲ್ಲಲಿ. ನೀವು ಕಾರಿನಲ್ಲಿ ಕರೆದುಕೊಂಡು ಬರಲು ಹೋದ ದಿನ ನಿಮ್ಮ ಕಾರೂ ಅಲ್ಲೇ ನಿಲ್ಲಲಿ.